ಮುಂಗೈಯ ಓರೆ ಪಟ್ಟಿ

ಪೀಣ್ಯದ ಶೆಡ್ಡಿನಲ್ಲಿ ಎಣ್ಣೆ ಚೆಲ್ಲಿದ ನೆಲದ ಮೇಲೆ ಜಾರಿದವರಾಗಲಿ, ವೈಟ್‌ಫೀಲ್ಡಿನ ರಸ್ತೆಗುಂಡಿಯಲ್ಲಿ ಸ್ಕೂಟರ್ ಸ್ಕಿಡ್ ಆದವರಾಗಲಿ, ಬೀಳುವಾಗ ಅಂಗೈ ಊರುತ್ತಾರೆ. ಮೈಭಾರವೆಲ್ಲ ಮಣಿಕಟ್ಟಿನಿಂದ ಮೊಣಕೈಗೆ ಏರುತ್ತದೆ. ಎಕ್ಸ್‌ರೇ ತೆಗೆದರೆ ಮೊಣಕೈಯ ಬಳಿ ರೇಡಿಯಸ್ ಮೂಳೆಯ ತಲೆ ಒಡೆದಿರುವುದು ಕಾಣುತ್ತದೆ, ಎಲ್ಲರ ಗಮನ ಅಲ್ಲೇ ನಿಲ್ಲುತ್ತದೆ. ಅದರ ಕೆಳಗೆ ಹರಿದಿರಬಹುದಾದ ಪೊರೆ ಎಕ್ಸ್‌ರೇಯಲ್ಲಿ ಕಾಣುವುದಿಲ್ಲ.

ಮುಂಗೈಯಲ್ಲಿ ಹೆಬ್ಬೆರಳ ಕಡೆ ರೇಡಿಯಸ್, ಕಿರುಬೆರಳ ಕಡೆ ಅಲ್ನಾ. ಎರಡರ ನಡುವೆ ಉದ್ದಕ್ಕೂ ಒಂದು ಪೊರೆಯಿದೆ. ಹೆಸರಿಗೆ ಪೊರೆಯಾದರೂ ಅದರ ನಡುವಿನ ಪಟ್ಟಿ ದಪ್ಪನೆಯ, ಗಟ್ಟಿಯಾದ ಲಿಗಮೆಂಟ್. ರೇಡಿಯಸ್‌ನ ಮೇಲುಭಾಗದಿಂದ ಹೊರಟು ಸುಮಾರು 20 ಡಿಗ್ರಿ ಓರೆಯಲ್ಲಿ ಇಳಿದು ಅಲ್ನಾದ ಕೆಳಭಾಗಕ್ಕೆ ಸೇರುತ್ತದೆ. ಚಪ್ಪರದ ಎರಡು ಗಳುಗಳ ನಡುವೆ ಓರೆಯಾಗಿ ಬಿಗಿದ ಹಗ್ಗದಂತೆ, ಒಂದು ಮೇಲಕ್ಕೆ ಸರಿಯಹೊರಟರೆ ಇದು ಬಿಗಿಯಾಗಿ ಇನ್ನೊಂದಕ್ಕೂ ಭಾರ ಹಂಚುತ್ತದೆ. ಮಣಿಕಟ್ಟಿನಲ್ಲಿ ಭಾರದ ಶೇಕಡಾ 80ರಷ್ಟನ್ನು ಹೊರುವ ರೇಡಿಯಸ್‌ಗೆ ಮೊಣಕೈ ತಲುಪುವಷ್ಟರಲ್ಲಿ ಸುಮಾರು 60 ಮಾತ್ರ ಉಳಿಯುತ್ತದೆ.

ರೇಡಿಯಸ್‌ನ ತಲೆ ಒಡೆದು, ಪೊರೆ ಹರಿದು, ಮಣಿಕಟ್ಟಿನ ಕೀಲೂ ಸಡಿಲವಾಗುವ ಈ ಗಾಯಕ್ಕೆ ಬರ್ಮಿಂಗ್‌ಹ್ಯಾಮ್ ಅಪಘಾತ ಆಸ್ಪತ್ರೆಯ ಪೀಟರ್ ಎಸೆಕ್ಸ್-ಲೊಪ್ರೆಸ್ಟಿಯ ಹೆಸರಿದೆ. 1951ರಲ್ಲಿ ಅವರು ಬರೆದದ್ದು ಬರೀ ಎರಡು ಪ್ರಕರಣಗಳ ಬಗ್ಗೆ. 1992ರಲ್ಲಿ ಅಮೆರಿಕದಲ್ಲಿ ಪ್ರಕಟವಾದ 20 ರೋಗಿಗಳ ವರದಿಯಲ್ಲಿ 15 ಮಂದಿಯ ಗಾಯ ಮೊದಲ ಸಲ ಪತ್ತೆಯೇ ಆಗಿರಲಿಲ್ಲ. ನುಚ್ಚುನೂರಾದ ತಲೆಯನ್ನು ತೆಗೆದುಹಾಕುವುದು ಹಳೆಯ, ಸುಲಭದ ದಾರಿ. ಪೊರೆ ಗಟ್ಟಿಯಿದ್ದರೆ ಅದರಿಂದ ದೊಡ್ಡ ತೊಂದರೆಯಿಲ್ಲ. ಹರಿದಿದ್ದರೆ ಮಾತ್ರ ರೇಡಿಯಸ್ ತಿಂಗಳುಗಳಲ್ಲಿ ಮೇಲಕ್ಕೆ ಸರಿದು, ಅಲ್ನಾದ ತುದಿ ಮಣಿಕಟ್ಟನ್ನು ಒತ್ತತೊಡಗುತ್ತದೆ. ಫಿಟ್ಟರ್‌ಗೆ ಸ್ಕ್ರೂಡ್ರೈವರ್ ತಿರುವಲಾಗದು, ಎಲೆಕ್ಟ್ರಾನಿಕ್ ಸಿಟಿಯ ಕೆಲಸಗಾರನಿಗೆ ಕೀಬೋರ್ಡಿನ ಮೇಲೆ ಅಂಗೈ ಬೋರಲಿಡುವುದೂ ಕಷ್ಟ. ಪುತ್ತೂರು ಕಟ್ಟು ಹಾಕಿಸಿಕೊಂಡು ಬರುವವರು ನಮ್ಮಲ್ಲಿ ಕಮ್ಮಿಯಿಲ್ಲ. ಆದರೆ ಬಿದಿರ ದಬ್ಬೆ ಮೂಳೆಯನ್ನು ಹಿಡಿದೀತು, ಈ ಪೊರೆಯನ್ನಲ್ಲ.

ಹಾಗಾಗಿ ಹರಿದ ಪಟ್ಟಿಯನ್ನು ಶಸ್ತ್ರಚಿಕಿತ್ಸೆಯಿಂದ ಮತ್ತೆ ಕಟ್ಟಬೇಕಾಗಬಹುದು. ಆ ಪುನರ್ರಚನೆಯ ಯೋಜನೆ ಗಾಯವಾಗದ ಕೈಯಿಂದ ಶುರುವಾಗಬೇಕು. ಎರಡೂ ಮುಂಗೈಗಳ ಪೂರ್ಣ ಎಕ್ಸ್‌ರೇ ಹೋಲಿಸಿದರೆ ಎಷ್ಟು ಮಿಲಿಮೀಟರ್ ಸರಿದಿದೆ ಎಂದು ತಿಳಿಯುತ್ತದೆ. ಪೊರೆಯನ್ನು ನೋಡಲು ಎಂಆರ್‌ಐ ಅಥವಾ ಅಲ್ಟ್ರಾಸೌಂಡ್ ಬೇಕು. ಆಪರೇಷನ್ ಟೇಬಲ್ ಮೇಲೂ ಒಂದು ಪರೀಕ್ಷೆಯಿದೆ: ರೇಡಿಯಸ್ ಹಿಡಿದು ಮೊಣಕೈ ಕಡೆಗೆ ಎಳೆದಾಗ 3 ಮಿ.ಮೀ. ಅಥವಾ ಹೆಚ್ಚು ಸರಿದರೆ ಪೊರೆ ಹರಿದಿದೆ ಎಂಬ ಅನುಮಾನ, 6 ಮಿ.ಮೀ. ದಾಟಿದರೆ ಮಣಿಕಟ್ಟಿನ ಕಟ್ಟೂ ಹೋಗಿದೆ ಎಂಬ ಸೂಚನೆ.

ಕೆಲಸದ ಕ್ರಮವೇ ಮುಖ್ಯ. ಮೊದಲು ರೇಡಿಯಸ್‌ನ ತಲೆಯನ್ನು ಜೋಡಿಸಬೇಕು, ಆಗದಿದ್ದರೆ ಲೋಹದ ತಲೆ ಕೂರಿಸಬೇಕು. ಹಳೆಯ ಗಾಯವಾದರೆ ಅಲ್ನಾವನ್ನು ಕತ್ತರಿಸಿ ಗಿಡ್ಡ ಮಾಡಿ ಎರಡರ ಉದ್ದ ಸರಿಹೊಂದಿಸಬೇಕಾಗಬಹುದು. ಉದ್ದ ಸರಿಯಿಲ್ಲದೆ ಲಿಗಮೆಂಟ್ ಕಟ್ಟಿದರೆ ಅದು ದಿನೇ ದಿನೇ ಹಿಗ್ಗುತ್ತದೆ. ಆಮೇಲಷ್ಟೇ ಪಟ್ಟಿಯ ಸರದಿ, ಅದೂ ಮೂಲದ ಅದೇ ಓರೆಯಲ್ಲಿ. ಓರೆ ತಪ್ಪಿದರೆ ಅಂಗೈ ತಿರುಗುವುದಕ್ಕೇ ಅಡ್ಡಿ.

ಹೊಸ ಪಟ್ಟಿಗೆ ಎಲ್ಲಿಂದ ಎಳೆ ತರುವುದು? ಮಂಡಿಚಿಪ್ಪಿನ ಕೆಳಗಿನ ರಜ್ಜು ಬಲವಾದದ್ದು, ಆದರೆ ನೆಲದ ಮೇಲೆ ಮಂಡಿಯೂರಿ ಮೆಷಿನ್ ಬಿಚ್ಚುವ ಮೆಕ್ಯಾನಿಕ್‌ಗೆ ಹೊಸ ನೋವು ತರಬಹುದು. ಮುಂಗೈಯದೇ ಪಾಲ್ಮಾರಿಸ್ ರಜ್ಜು ತೆಳು, ಕೆಲವರಲ್ಲಿ ಹುಟ್ಟಿನಿಂದಲೇ ಇರುವುದಿಲ್ಲ. ಹೆಬ್ಬೆರಳನ್ನೂ ಕಿರುಬೆರಳನ್ನೂ ಜೋಡಿಸಿ ಮಣಿಕಟ್ಟು ಬಾಗಿಸಿ ನೋಡಿ, ನಿಮ್ಮಲ್ಲಿದ್ದರೆ ಸಾಮಾನ್ಯವಾಗಿ ನಡುವೆ ಎದ್ದು ಕಾಣುತ್ತದೆ. ಲೋಹದ ಗುಂಡಿಗಳ ನಡುವೆ ದಾರ ಬಿಗಿಯುವ ವಿಧಾನದಲ್ಲಿ ಎಳೆ ತೆಗೆಯುವ ತಾಪತ್ರಯವಿಲ್ಲ. ಆಯ್ಕೆಯನ್ನು ರೋಗಿಯ ಕಸುಬು ಕೇಳಿ ಮಾಡಬೇಕೆನ್ನುವುದು ನನ್ನ ಪಕ್ಷಪಾತ.

ಶಸ್ತ್ರಚಿಕಿತ್ಸೆಯ ನಂತರ ತಿಂಗಳುಗಟ್ಟಲೆ ಭಾರ ಎತ್ತುವಂತಿಲ್ಲ, ದುಡಿಮೆಯೂ ನಿಲ್ಲಬಹುದು. ಮಾಸಿಕ ವೇತನ 21,000 ರೂಪಾಯಿಯೊಳಗಿರುವ ವಿಮಾದಾರ ಕಾರ್ಮಿಕರಿಗೆ ಕೆಲಸದಲ್ಲಾದ ಗಾಯಕ್ಕೆ ಇಎಸ್‌ಐನಿಂದ ಸಂಬಳದ ಶೇಕಡಾ 90ರಷ್ಟು ಸಿಗುತ್ತದೆ. ಇಎಸ್‌ಐ ಕಾಯ್ದೆಯ 2010ರ ತಿದ್ದುಪಡಿಯ ನಂತರ, ಕೆಲಸದೊಂದಿಗೆ ಸಂಬಂಧ ತೋರಿಸಬಹುದಾದರೆ, ಮನೆಯಿಂದ ಕೆಲಸಕ್ಕೆ ಹೋಗಿಬರುವ ದಾರಿಯ ಅಪಘಾತವೂ ಅದರಲ್ಲಿ ಸೇರುತ್ತದೆ.