ರಕ್ತ ಬಂದರೆಲ್ಲಾ ಪೈಲ್ಸ್ ಅಲ್ಲ: ಎಚ್‌ಐವಿ ಇರುವ ಗಂಡಸರು ಗಮನಿಸಿ

ಬಸ್‌ಸ್ಟ್ಯಾಂಡ್ ಗೋಡೆ, ಕರೆಂಟ್ ಕಂಬ, ಎಲ್ಲಿ ನೋಡಿದರೂ ‘ಆಪರೇಷನ್ ಇಲ್ಲದೆ ಪೈಲ್ಸ್ ಗುಣ’ ಅನ್ನೋ ಬೋರ್ಡ್. ಮಲದ ಜೊತೆ ರಕ್ತ ಕಂಡರೆ ನಾವೂ ಪೈಲ್ಸ್ ಅಂತಲೇ ತಿಳಿಯುತ್ತೇವೆ. ಬಹಳಷ್ಟು ಸಲ ಅದು ನಿಜ ಕೂಡ. ಆದರೆ ಎಚ್‌ಐವಿ ಇರುವ ಗಂಡಸರು ತಾವೇ ತೀರ್ಮಾನ ಮಾಡಿ ಮುಲಾಮು ಹಚ್ಚಿಕೊಂಡು ಕೂರಬಾರದು. ಅದು ಗುದದ್ವಾರದ ಕ್ಯಾನ್ಸರ್ ಇರಬಹುದು.

ಈ ಕ್ಯಾನ್ಸರ್ ಅಪರೂಪ. ಸಾಮಾನ್ಯ ಜನರಲ್ಲಿ ವರ್ಷಕ್ಕೆ ಲಕ್ಷಕ್ಕೆ ಒಬ್ಬಿಬ್ಬರಿಗೆ ಬರುತ್ತದೆ. ಎಚ್‌ಐವಿ ಇದ್ದು, ಗಂಡಸರ ಜೊತೆ ಲೈಂಗಿಕ ಸಂಪರ್ಕ ಇರುವ ಗಂಡಸರಲ್ಲಿ ಇದು ಲಕ್ಷಕ್ಕೆ ಸುಮಾರು 85. ಎಚ್‌ಐವಿ ಇರುವ ಉಳಿದ ಗಂಡಸರಲ್ಲೂ 32. ಹೆಚ್ಚಾಗಿ ಶ್ರೀಮಂತ ದೇಶಗಳ ಮಾಹಿತಿ ಒಟ್ಟುಮಾಡಿ 2021ರಲ್ಲಿ ಹಾಕಿದ ಲೆಕ್ಕ ಇದು. ‘ನನಗೆ ಅಂಥ ಸಂಬಂಧವೇ ಇಲ್ಲ’ ಅಂದರೂ ಪೂರ್ತಿ ಪಾರಾದ ಹಾಗಲ್ಲ, ನೋಡಿ.

ಹೆಂಗಸರಿಗೆ ಗರ್ಭಕಂಠದ ಕ್ಯಾನ್ಸರ್ ತರುವ ಎಚ್‌ಪಿವಿ ವೈರಸ್ಸೇ ಇಲ್ಲೂ ಕಾರಣ. ಅದರಲ್ಲೂ 16ನೇ ತಳಿ. ರೋಗನಿರೋಧಕ ಶಕ್ತಿ ಚೆನ್ನಾಗಿದ್ದರೆ ದೇಹವೇ ಅದನ್ನು ಹೊರಹಾಕುತ್ತದೆ. ಎಚ್‌ಐವಿ ಇದ್ದವರಲ್ಲಿ ಅದು ವರ್ಷಗಟ್ಟಲೆ ಕೂತುಬಿಡುತ್ತದೆ. ಎಆರ್‌ಟಿ ಗುಳಿಗೆ ತಪ್ಪದೆ ತಗೊಂಡರೆ ಅಪಾಯ ಕಡಿಮೆಯಾಗುತ್ತದೆ, ಪೂರ್ತಿ ಹೋಗಲ್ಲ. ಬೀಡಿ, ಸಿಗರೇಟು ಅದನ್ನು ಹೆಚ್ಚಿಸುತ್ತವೆ.

ರಕ್ತ, ನೋವು, ಬಿಡದ ತುರಿಕೆ, ಕೈಗೆ ಸಿಗುವ ಗಂಟು, ತೊಡೆಸಂದಿಯಲ್ಲಿ ಗಡ್ಡೆ, ಇವು ಲಕ್ಷಣ. ಕೆಲವರಿಗೆ ಏನೂ ಕಾಣಿಸಲ್ಲ. ಅದಕ್ಕೇ ಎಚ್‌ಐವಿ ಇರುವವರಿಗೆ ತಪಾಸಣೆ ಬೇಕು ಅಂತ 2024ರ ಅಂತರರಾಷ್ಟ್ರೀಯ ಮಾರ್ಗಸೂಚಿ ಹೇಳುತ್ತದೆ: ಗಂಡಸರ ಜೊತೆ ಸಂಪರ್ಕ ಇರುವ ಗಂಡಸರಿಗೆ 35ನೇ ವಯಸ್ಸಿನಿಂದ, ಉಳಿದವರಿಗೆ 45ರಿಂದ. ಇದಕ್ಕೆ ಬೇಕಾದ ವಿಶೇಷ ಉಪಕರಣ ಎಲ್ಲ ಕಡೆ ಸಿಗಲ್ಲ, ನಿಜ. ಆದರೆ ಡಾಕ್ಟರು ಗ್ಲೌಸ್ ಹಾಕಿ ಬೆರಳಿನಿಂದ ಪರೀಕ್ಷಿಸಲು ಒಂದೆರಡು ನಿಮಿಷ ಸಾಕು. ಕ್ಯಾನ್ಸರ್ ಆಗುವ ಮೊದಲಿನ ಹಂತದಲ್ಲೇ ಚಿಕಿತ್ಸೆ ಕೊಟ್ಟರೆ ಅಪಾಯ ಅರ್ಧಕ್ಕಿಂತ ಹೆಚ್ಚು ತಗ್ಗುತ್ತದೆ ಅಂತ ಅಮೆರಿಕದ ಅಧ್ಯಯನವೊಂದು 2022ರಲ್ಲಿ ತೋರಿಸಿದೆ. ಕ್ಯಾನ್ಸರೇ ಆಗಿದ್ದರೂ ಬೇಗ ಗೊತ್ತಾದರೆ ಕೀಮೋ, ರೇಡಿಯೇಷನ್‌ನಲ್ಲೇ ಬಹಳ ಜನ ಗುಣವಾಗುತ್ತಾರೆ; ಹೊಟ್ಟೆಗೆ ಚೀಲ ಹಾಕಿಸಿಕೊಳ್ಳುವ ಪರಿಸ್ಥಿತಿ ಬರಲ್ಲ. ತಡ ಮಾಡಿದವರ ಕಥೆಯೇ ಬೇರೆ.

ನಾಚಿಕೆ, ಊರಿಗೆಲ್ಲಾ ಗೊತ್ತಾದರೆ ಅನ್ನೋ ಭಯ, ಇವೆರಡೇ ಇಲ್ಲಿ ದೊಡ್ಡ ಅಡ್ಡಿ. 2017ರ ಎಚ್‌ಐವಿ, ಏಡ್ಸ್ ಕಾಯ್ದೆ ಪ್ರಕಾರ ನಿಮ್ಮ ಒಪ್ಪಿಗೆ ಇಲ್ಲದೆ ಆಸ್ಪತ್ರೆಯವರು ವಿಷಯ ಹೊರಗೆ ಹೇಳುವಂತಿಲ್ಲ. ಮುಂದಿನ ಸಲ ಗುಳಿಗೆ ತರಲು ಎಆರ್‌ಟಿ ಕೇಂದ್ರಕ್ಕೆ ಹೋದಾಗ ಡಾಕ್ಟರನ್ನೇ ಕೇಳಿ. ಪೈಲ್ಸ್‌ಗೆ ಅಂತ ಬೇರೆ ಡಾಕ್ಟರ ಹತ್ತಿರ ಹೋದರೆ ಎಚ್‌ಐವಿ ಇದೆ ಅಂತ ತಿಳಿಸಿ. ಫೋನಲ್ಲೇ ಮಾತಾಡಬೇಕು ಅನ್ನೋರಿಗೆ ಉಚಿತ ಸಹಾಯವಾಣಿ 1097 ಇದೆ.