ಆದವಾನಿ ಕೋಟೆ: ಒಡೆಯರು ಹಲವರು, ಉಳಿದದ್ದು ಯಾರದು?

ರಾಯಚೂರಿನಿಂದ ಗುಂತಕಲ್ಲಿಗೆ ಹೋಗುವ ರೈಲಿನಲ್ಲಿ ತುಂಗಭದ್ರೆಯನ್ನು ದಾಟಿ ಮುಂದೆ ಸಾಗಿದರೆ, ಬಯಲಿನ ನಡುವೆ ದೊಡ್ಡ ದೊಡ್ಡ ಬಂಡೆಗಳನ್ನು ಹೇರಿಟ್ಟಂತೆ ಕಾಣುವ ಬೆಟ್ಟಗಳು ಎದುರಾಗುತ್ತವೆ. ಅದೇ ಆದವಾನಿ. ನಮ್ಮ ವರ್ತಕ ಬಂಧುಗಳಿಗೆ ಆದವಾನಿ ಎಂದರೆ ತಕ್ಷಣ ನೆನಪಾಗುವುದು ಹತ್ತಿಯ ಮಾರುಕಟ್ಟೆ, ಶೇಂಗಾ ವ್ಯಾಪಾರ, ಎಣ್ಣೆಯ ಗಿರಣಿಗಳು. ಊರಿನ ನೆತ್ತಿಯ ಮೇಲೆ ನಿಂತಿರುವ ಕೋಟೆಯನ್ನು ನೋಡದವರಿಲ್ಲ. ಆದರೆ ವ್ಯಾಪಾರಕ್ಕೆಂದು ಹತ್ತು ಸಲ ಬಂದು ಹೋದವರೂ ಒಮ್ಮೆಯಾದರೂ ಮೇಲೆ ಹತ್ತಿರುವುದು ಅಪರೂಪ. ಜೊತೆಗೆ ಬಂದ ಮಕ್ಕಳು "ಈ ಕೋಟೆ ಯಾರದು?" ಎಂದು ಕೇಳಿದರೆ ನಮ್ಮ ಉತ್ತರವೇನು?

ಈ ಪ್ರಶ್ನೆಗೆ ಒಂದೇ ಹೆಸರನ್ನು ಹೇಳುವಂತಿಲ್ಲ. ಕೋಟೆಯು ಹಲವು ಬೆಟ್ಟಗಳನ್ನು ಬಳಸಿಕೊಂಡು ಹಬ್ಬಿದೆ. ಅವುಗಳಲ್ಲಿ ಬಾರಾಕಿಲ್ಲಾ ಮತ್ತು ತಾಲಿಬಂಡ ಎಂಬವು ಎತ್ತರವಾದವು. ಬಯಲಿನಿಂದ ಸುಮಾರು 800 ಅಡಿ ಮೇಲೇಳುತ್ತವೆ. ಬೆಟ್ಟದ ಮೇಲೆಯೇ ನೀರಿನ ಆಸರೆಯಿದೆ. ಬುಡದಲ್ಲಿ ರಾಮಜಲವೆಂಬ ಕೆರೆಯಿದೆ. ಮಳೆ ಕಡಿಮೆಯಾದ ಈ ಸೀಮೆಯಲ್ಲಿ ಕೋಟೆ ಕಟ್ಟುವವನು ಮೊದಲು ನೋಡುತ್ತಿದ್ದದ್ದು ನೀರನ್ನು, ಗೋಡೆ ಆಮೇಲಿನದು. ನೀರಿದ್ದ ಬೆಟ್ಟವನ್ನು ತಿಂಗಳುಗಟ್ಟಲೆ ಮುತ್ತಿದರೂ ಒಳಗಿನವರು ತಾಳಿಕೊಳ್ಳಬಲ್ಲರು. ಆದವಾನಿಗಾಗಿ ಅಷ್ಟೊಂದು ಅರಸರು ಹೊಡೆದಾಡಿದ್ದರ ಗುಟ್ಟು ಇದೇ. ಜೊತೆಗೆ, ಕೃಷ್ಣಾ-ತುಂಗಭದ್ರೆಗಳ ನಡುವಣ ರಾಯಚೂರು ಸೀಮೆಯ ಮೇಲೆ ಕಣ್ಣಿಡಲು ಇದಕ್ಕಿಂತ ಒಳ್ಳೆಯ ಠಾಣ್ಯ ದಕ್ಷಿಣದ ದಡದಲ್ಲಿ ಹೆಚ್ಚಿರಲಿಲ್ಲ.

ಈ ಬೆಟ್ಟದ ಅತಿ ಪ್ರಾಚೀನ ಕುರುಹುಗಳೆಂದರೆ ಬಂಡೆಯಲ್ಲಿ ಕೆತ್ತಿರುವ ತೀರ್ಥಂಕರರ ಮೂರ್ತಿಗಳು. ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಗುಂತಕಲ್ಲಿನ ಸಮೀಪದಲ್ಲೇ ಇರುವ ಕೊನಕೊಂಡ್ಲ ಗ್ರಾಮವನ್ನು ಆಚಾರ್ಯ ಕುಂದಕುಂದರ ಹೆಸರಿನೊಡನೆ ವಿದ್ವಾಂಸರು ಜೋಡಿಸಿದ್ದಾರೆ. ಅಲ್ಲಿನ ಗುಡ್ಡದಲ್ಲೂ ಜಿನಮೂರ್ತಿಗಳಿವೆ. ಫಿರಂಗಿಗಳು ಬರುವುದಕ್ಕೆ ಬಹಳ ಮೊದಲೇ ಈ ಬಂಡೆಗಳ ನಡುವೆ ಧ್ಯಾನದ ಮೌನ ನೆಲೆಸಿತ್ತೆಂಬುದು ನಮ್ಮ ಕುಟುಂಬಗಳು ತಿಳಿದಿರಬೇಕಾದ ಸಂಗತಿ.

ವಿಜಯನಗರದ ಅರಸರ ಕಾಲದಲ್ಲಿ ಆದವಾನಿ ಸಾಮ್ರಾಜ್ಯದ ಪ್ರಮುಖ ದುರ್ಗಗಳಲ್ಲಿ ಒಂದಾಗಿತ್ತು. ಬಹಮನಿ ಸುಲ್ತಾನರೊಡನೆ ನಡೆದ ಕಾದಾಟಗಳಲ್ಲಿ ಇದರ ಹೆಸರು ಮತ್ತೆ ಮತ್ತೆ ಬರುತ್ತದೆ. 1565ರಲ್ಲಿ ರಕ್ಕಸತಂಗಡಿ ಯುದ್ಧವಾಗಿ ವಿಜಯನಗರ ಹಾಳಾಯಿತು. ಅದಾದ ಮೂರೇ ವರ್ಷಗಳಲ್ಲಿ, 1568ರಲ್ಲಿ, ಕೋಟೆಯು ಬಿಜಾಪುರದ ಅಲಿ ಆದಿಲ್‌ಶಾಹನ ವಶವಾಯಿತು.

ಬಿಜಾಪುರದ ಪರವಾಗಿ ಇಲ್ಲಿ ಆಡಳಿತ ನಡೆಸಿದವರಲ್ಲಿ ಸಿದ್ದಿ ಮಸೂದ್ ಖಾನನ ಹೆಸರು ದೊಡ್ಡದು. ಆಫ್ರಿಕಾ ಮೂಲದ ಈ ಸರದಾರನು ಕರ್ನೂಲಿನ ಸಿದ್ದಿ ಜೌಹರನ ಅಳಿಯ. 1660ರಲ್ಲಿ ಪನ್ಹಾಳ ಕೋಟೆಯಿಂದ ತಪ್ಪಿಸಿಕೊಂಡ ಶಿವಾಜಿಯನ್ನು ಬೆನ್ನಟ್ಟಿದವನು ಇವನೇ. ಮುಂದೆ ಬಿಜಾಪುರದ ಇಡೀ ಆಡಳಿತವೇ ಕೆಲವು ವರ್ಷ ಇವನ ಕೈಯಲ್ಲಿತ್ತು. ಅಲ್ಲಿನ ಒಳಜಗಳಗಳಿಂದ ಬೇಸತ್ತು 1683ರಲ್ಲಿ ಆ ಪದವಿಯನ್ನು ಬಿಟ್ಟು ಆದವಾನಿಗೆ ಬಂದು ನೆಲೆಸಿದನು. ಊರಿನಲ್ಲಿರುವ ಸುಂದರವಾದ ಜಾಮಿಯಾ ಮಸೀದಿ ಅವನು ಕಟ್ಟಿಸಿದ್ದು. 1688ರಲ್ಲಿ ಔರಂಗಜೇಬನ ಸೇನಾನಿ ಫಿರೋಜ್ ಜಂಗ್ ಕೋಟೆಯನ್ನು ಮುತ್ತಿದಾಗ ಮುದುಕನಾಗಿದ್ದ ಮಸೂದ್ ಖಾನ್ ಸುಲಭವಾಗಿ ಬಗ್ಗಲಿಲ್ಲ. ಕೊನೆಗೆ ಫಿರಂಗಿಗಳನ್ನು ಮಸೀದಿಯ ಕಡೆಗೆ ತಿರುಗಿಸಲಾಯಿತಂತೆ. ಪ್ರಾಣಕ್ಕಿಂತ ಪ್ರಿಯವಾದ ಮಸೀದಿ ಒಡೆಯುವುದನ್ನು ನೋಡಲಾರದೆ ಅವನು ಕೋಟೆಯನ್ನೇ ಒಪ್ಪಿಸಿದನೆಂದು ಇಲ್ಲಿನ ಜನ ಇಂದಿಗೂ ಹೇಳುತ್ತಾರೆ. ಮೊಗಲರು ಕೋಟೆಗೆ ಇಮ್ತಿಯಾಜ್‌ಗಢವೆಂದು ಹೊಸ ಹೆಸರಿಟ್ಟರು. ಆ ಹೆಸರು ಜನರ ನಾಲಿಗೆಯಲ್ಲಿ ನಿಲ್ಲಲಿಲ್ಲ.

ಇದೇ ಮಸೂದ್ ಖಾನನ ಇನ್ನೊಂದು ಕಾರ್ಯವನ್ನು ಇಲ್ಲಿ ನೆನೆಯಬೇಕು. ಶ್ರೀ ರಾಘವೇಂದ್ರ ಸ್ವಾಮಿಗಳಿಗೆ ತುಂಗಭದ್ರೆಯ ದಡದ ಮಂಚಾಲ ಗ್ರಾಮವನ್ನು ದಾನವಾಗಿ ಕೊಟ್ಟ ಆದವಾನಿಯ ನವಾಬನು ಇವನೇ ಎಂದು ಮಠದ ಪರಂಪರೆ ಹೇಳುತ್ತದೆ; ದಿವಾನ ವೆಂಕಣ್ಣ ಪಂತರು ಅದಕ್ಕೆ ಕಾರಣಕರ್ತರು. ಸ್ವಾಮಿಗಳು 1671ರಲ್ಲಿ ಅಲ್ಲಿಯೇ ಬೃಂದಾವನಸ್ಥರಾದರು. ಆ ಮಂಚಾಲವೇ ಇಂದಿನ ಮಂತ್ರಾಲಯ. ಮುಸಲ್ಮಾನ ನವಾಬ, ವೈಷ್ಣವ ಯತಿ, ಬೆಟ್ಟದ ಮೇಲೆ ಜಿನಮೂರ್ತಿಗಳು! ಆದವಾನಿಯ ಮಣ್ಣಿನ ಗುಣವೇ ಅಂಥದ್ದು.

ಮೊಗಲರ ಬಲ ಕುಗ್ಗಿದ ಮೇಲೆ ಕೋಟೆ ಹೈದರಾಬಾದಿನ ನಿಜಾಮರ ಮನೆತನಕ್ಕೆ ಬಂತು. ಮೊದಲ ನಿಜಾಮನು ಈ ಕೋಟೆಯನ್ನು ಗೆದ್ದ ಫಿರೋಜ್ ಜಂಗನ ಮಗನೇ. ನಿಜಾಮನ ಮಗ ಬಸಾಲತ್ ಜಂಗ್ ಆದವಾನಿಯನ್ನು ಜಹಗೀರಾಗಿ ಪಡೆದು, 1782ರಲ್ಲಿ ತೀರಿಕೊಳ್ಳುವವರೆಗೂ ಇಲ್ಲಿಂದಲೇ ದರ್ಬಾರು ನಡೆಸಿದನು. ಅವನ ಸಮಾಧಿ ಊರಿನಲ್ಲಿದೆ. 1786ರಲ್ಲಿ ಟಿಪ್ಪು ಸುಲ್ತಾನನು ಸುಮಾರು ಒಂದು ತಿಂಗಳ ಮುತ್ತಿಗೆಯ ಬಳಿಕ ಕೋಟೆಯನ್ನು ಹಿಡಿದು, ಅದರ ರಕ್ಷಣೆಯ ಗೋಡೆಗಳನ್ನು ಕೆಡವಿಸಿದನು. ಮರುವರ್ಷದ ಸಂಧಿಯಲ್ಲಿ ಅದನ್ನು ಹಿಂದಿರುಗಿಸಬೇಕಾಯಿತು. ಹಿಂದಿರುಗಿಸಿದ್ದು ಮುರಿದ ಕೋಟೆಯನ್ನು!

1800ರಲ್ಲಿ ಈಸ್ಟ್ ಇಂಡಿಯಾ ಕಂಪೆನಿಯ ಪಡೆಯ ವೆಚ್ಚಕ್ಕಾಗಿ ನಿಜಾಮನು ಈ ಸೀಮೆಯನ್ನೇ ಕಂಪೆನಿಗೆ ಬರೆದುಕೊಟ್ಟನು. ಇಷ್ಟು ದಿನ ರಕ್ತ ಹರಿಸಿ ಕೈ ಬದಲಾಗುತ್ತಿದ್ದ ಕೋಟೆ ಈ ಸಲ ಒಂದು ಕಾಗದದ ಮೇಲೆ, ವೆಚ್ಚದ ಬಾಬ್ತು ವಜಾ ಹಾಕಿದಂತೆ, ಕೈ ಬದಲಾಯಿಸಿತು. ಕಲೆಕ್ಟರಾಗಿ ಬಂದ ಥಾಮಸ್ ಮನ್ರೋ 1807ರವರೆಗೆ ಇಲ್ಲಿದ್ದು ರೈತರ ಹೊಲಗಳನ್ನು ಅಳೆಸಿ ಕಂದಾಯ ಗೊತ್ತುಮಾಡಿದನು. ಮಂತ್ರಾಲಯದ ಉಂಬಳಿಯನ್ನು ವಿಚಾರಿಸಲು ಹೋದ ಮನ್ರೋ ಅದನ್ನು ಹಾಗೆಯೇ ಮುಂದುವರಿಸಿದನೆಂಬ ಐತಿಹ್ಯವೂ ಇದೆ. ಮುಂದೆ ಮದರಾಸಿನ ಗವರ್ನರಾಗಿ, ತಾನು ಪಳಗಿದ ಸೀಮೆಯನ್ನು ಕಡೆಯ ಸಲ ನೋಡಲು ಬಂದವನು, 1827ರ ಜುಲೈ 6ರಂದು ಹತ್ತಿರದ ಪತ್ತಿಕೊಂಡದಲ್ಲಿ ಕಾಲರಾದಿಂದ ತೀರಿಕೊಂಡನು.

ಬಳ್ಳಾರಿ ಜಿಲ್ಲೆಯ ತಾಲ್ಲೂಕಾಗಿದ್ದ ಆದವಾನಿ, 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಆಲೂರಿನೊಡನೆ ಕರ್ನೂಲು ಜಿಲ್ಲೆಗೆ ಸೇರಿತು. ಬಳ್ಳಾರಿ ಮೈಸೂರಿನ ಪಾಲಾಯಿತು. ಮನೆಯಲ್ಲಿ ಕನ್ನಡವಾಡುವ ಕುಟುಂಬಗಳು ರಾತ್ರಿ ಬೆಳಗಾಗುವುದರೊಳಗೆ ಬೇರೆ ರಾಜ್ಯದವರಾದವು. ಆದರೂ ಅಂಗಡಿಯ ಮಾತಿನಲ್ಲಿ ಕನ್ನಡ, ತೆಲುಗು, ಉರ್ದು ಇಂದಿಗೂ ಒಂದೇ ತಕ್ಕಡಿಯಲ್ಲಿ ತೂಗುತ್ತವೆ.

ಬಂಧುಗಳೇ, ವರ್ತಕರಾದ ನಾವು ವರ್ಷಕ್ಕೊಮ್ಮೆ ಲೆಕ್ಕ ತಾಳೆ ನೋಡುತ್ತೇವೆ. ಆದವಾನಿಯ ಲೆಕ್ಕವನ್ನೂ ಒಮ್ಮೆ ನೋಡೋಣ. ಹಿಡಿದಿಟ್ಟುಕೊಂಡವರ ಬಾಬ್ತಿನಲ್ಲಿ ಉಳಿದಿರುವುದು ಕುಸಿದ ಬುರುಜುಗಳು. ಮಸೂದ್ ಖಾನ್ ಕಾಪಾಡಿಕೊಳ್ಳಲಾಗದ ಕೋಟೆ ಪಾಳುಬಿದ್ದಿದೆ. ಅವನು ಕೊಟ್ಟನೆನ್ನುವ ಹಳ್ಳಿಯಲ್ಲಿ ನಿತ್ಯ ಸಾವಿರಾರು ಜನ ಊಟಮಾಡುತ್ತಾರೆ. ಹೆಸರು ತಿಳಿಯದ ಯಾರೋ ಕಾಪಾಡಿಕೊಂಡು ಬಂದ ನೀರು ಊರಿನ ಬಾಯಾರಿಕೆಗೆ ಒದಗಿದೆ. ಗೃಹಸ್ಥನು ತನ್ನ ಸಂಗ್ರಹಕ್ಕೆ ತಾನೇ ಮಿತಿ ಹಾಕಿಕೊಳ್ಳಬೇಕೆಂಬ ಪರಿಗ್ರಹ ಪರಿಮಾಣ ವ್ರತವನ್ನು ಮಕ್ಕಳಿಗೆ ತಿಳಿಸಲು ಇದಕ್ಕಿಂತ ಒಳ್ಳೆಯ ಪಾಠಶಾಲೆ ಬೇಕೇ? ಅಣ್ಣತಮ್ಮಂದಿರು ಒಂದು ಮಳಿಗೆಯ ಪಾಲಿಗಾಗಿ ಮಾತು ಬಿಡುವ ಈ ದಿನಗಳಲ್ಲಿ ಹಿರಿಯರೂ ಆ ಬೆಟ್ಟವನ್ನು ಒಮ್ಮೆ ಹತ್ತುವುದು ಒಳ್ಳೆಯದು.

ಬಂಡೆಯಲ್ಲಿ ಕುಳಿತ ತೀರ್ಥಂಕರರು ಬಿಸಿಲು ಮಳೆಗೆ ಸವೆಯುತ್ತಿದ್ದಾರೆ. ಮುಂದಿನ ಸಲ ಹತ್ತಿಯ ಸೌದಾ ಮುಗಿದ ಮೇಲೆ ಅರ್ಧ ದಿನ ಉಳಿಯಿರಿ. ಮಕ್ಕಳ ಕೈಹಿಡಿದು ಮೇಲೆ ಹೋಗಿರಿ. ಬಂಡೆಗೆ ಸುಣ್ಣ ಬಣ್ಣ ಹಚ್ಚದೆ, ಹೆಸರು ಕೆತ್ತದೆ, ಇದ್ದಂತೆಯೇ ಅವು ಉಳಿಯುವಂತೆ ನೋಡಿಕೊಳ್ಳುವುದು ನಮ್ಮ ಕರ್ತವ್ಯ. ಇಳಿದು ಬಂದು ಕೆರೆಯ ದಂಡೆಯ ಮೇಲೆ ಕುಳಿತಾಗ ಮಕ್ಕಳು ಮತ್ತೆ "ಈ ಕೋಟೆ ಯಾರದು?" ಎಂದು ಕೇಳಿದರೆ, ಇಷ್ಟೆಲ್ಲ ಒಡೆಯರ ಕಥೆಯನ್ನೂ ಹೇಳಿ, ಉತ್ತರವನ್ನು ಅವರಿಗೇ ಬಿಡಿರಿ.