ಬಿತ್ತಿಗೆಯ ಹೊತ್ತಿಗೆ ಬ್ಯಾಟರಿ ಕೈಕೊಟ್ಟರೆ



ಹಸ್ತಿ ಮಳೆ ಚೆನ್ನಾಗಿ ಆಗಿ, ಯರಿಭೂಮಿ ಮೇಲಿನ ಹಸಿ ಆರಿ ಹದಕ್ಕೆ ಬಂದಿದೆ ಎಂದುಕೊಳ್ಳಿ. ಕಡಲೆ ಬೀಜಕ್ಕೆ ಉಪಚಾರ ಮಾಡಿ ನೆರಳಿನಲ್ಲಿ ಆರಿಸಿದ್ದೀರಿ, ಟ್ರ್ಯಾಕ್ಟರಿಗೆ ಕೂರಿಗೆ ಹೂಡಿದ್ದೀರಿ. ಬೆಳಿಗ್ಗೆ ಚಾವಿ ತಿರುವಿದರೆ ‘ಟಿಕ್’ ಎಂಬ ಒಂದೇ ಸದ್ದು. ಎಂಜಿನ್ ಅಲುಗುವುದಿಲ್ಲ. ಗ್ಯಾರೇಜಿನವನು ಹುಬ್ಬಳ್ಳಿಯಿಂದಲೋ ನವಲಗುಂದದಿಂದಲೋ ಬರಬೇಕು. ಆ ವಾರ ಅವನಿಗೂ ಪುರುಸೊತ್ತಿಲ್ಲ. ಇತ್ತ ಹಸಿ ದಿನದಿಂದ ದಿನಕ್ಕೆ ಕೆಳಕ್ಕೆ ಇಳಿಯುತ್ತಿರುತ್ತದೆ.

ಬೇಸಾಯಶಾಸ್ತ್ರದವನಿಗೆ ಬ್ಯಾಟರಿಯ ಉಸಾಬರಿ ಏಕೆ ಎಂದು ತಾವು ಕೇಳಬಹುದು. ಹದ ತಪ್ಪಿದ ಬಿತ್ತಿಗೆಯೇ ನನ್ನ ವಿಷಯ. ಹಿಂದೆ ಎತ್ತು ಕುಂಟಿದರೆ ಹದ ತಪ್ಪುತ್ತಿತ್ತು, ಈಗ ಬ್ಯಾಟರಿ ಕುಂಟಿದರೆ ತಪ್ಪುತ್ತದೆ.

ಕಲಘಟಗಿಯ ಭತ್ತದ ಸೀಮೆಯವರಿಗೆ ಒಂದು ಅನುಕೂಲವಿದೆ. ರಾತ್ರಿ ಗಾಡಿಯನ್ನು ಇಳಿಜಾರಿನ ತಲೆಯಲ್ಲಿ ನಿಲ್ಲಿಸಿದರೆ ಬೆಳಿಗ್ಗೆ ಉರುಳಿಸಿ ಚಾಲೂ ಮಾಡಬಹುದು. ನವಲಗುಂದ, ಅಣ್ಣಿಗೇರಿಯ ಬಯಲಿನಲ್ಲಿ ಇಳಿಜಾರು ಎಲ್ಲಿಂದ ತರಬೇಕು? ಮಳೆಯಾದ ಮೇಲೆ ಯರಿಮಣ್ಣಿನಲ್ಲಿ ಆರು ಜನ ನೂಕಿದರೂ ಗಾಲಿ ಜಗ್ಗುವುದಿಲ್ಲ.

ಕೆಲವು ವರ್ಷಗಳ ಹಿಂದೆ ನವಲಗುಂದ ತಾಲೂಕಿನ ಒಂದು ಹೊಲದಲ್ಲಿ ಇಂಥದೇ ಪ್ರಸಂಗವನ್ನು ನಾನು ಕಣ್ಣಾರೆ ಕಂಡೆ. ನೂಕಿ ಸುಸ್ತಾದವರು ಪಕ್ಕದ ಟ್ರ್ಯಾಕ್ಟರಿನ ಬ್ಯಾಟರಿಯಿಂದ ವಾಯರು ಎಳೆದು ಜೋಡಿಸಿದರು. ಆಗಲೂ ಚಾವಿಗೆ ಎಂಜಿನ್ ತಿರುಗಲಿಲ್ಲ. ಒಬ್ಬ ಹುಡುಗ ನೆಲದ ಮೇಲೆ ನಿಂತೇ, ಪಾನಾ ಹಿಡಿದು ಸ್ಟಾರ್ಟರಿನ ಎರಡು ತಲೆಗಳನ್ನು ಕೂಡಿಸಿದ. ಗಾಡಿ ಗೇರಿನಲ್ಲಿತ್ತು. ಸೀಟಿನ ಮೇಲೆ ಯಾರೂ ಇರಲಿಲ್ಲ. ಟ್ರ್ಯಾಕ್ಟರು ಒಮ್ಮೆಲೇ ಜಿಗಿದು ಹೊರಟಿತು. ಆ ಹುಡುಗ ಹಿಂದಿನ ದೊಡ್ಡ ಗಾಲಿಯ ದಾರಿಯಿಂದ ಹೇಗೆ ಹೊರಬಿದ್ದನೋ ಅವನಿಗೇ ತಿಳಿಯಲಿಲ್ಲ. ಗಾಡಿ ಬದುವಿಗೆ ಬಡಿದು ನಿಂತಿತು. ಆ ದಿನ ಅಲ್ಲಿ ಬಿತ್ತಿಗೆಯ ಮಾತನ್ನು ಯಾರೂ ಮತ್ತೆ ಎತ್ತಲಿಲ್ಲ.

ಪಾನಾ ಹಚ್ಚುವ ಈ ಪದ್ಧತಿಯನ್ನು ತಾವು ಇಂದೇ ಬಿಡಬೇಕು. ಬ್ಯಾಟರಿ ಪೂರ್ತಿ ಇಳಿದಿದ್ದರೆ ಇದರಿಂದ ಏನೂ ಆಗದು; ಅದರಲ್ಲಿ ಜೀವವಿದ್ದರೆ ಗಾಡಿ ನಿಮ್ಮ ಮೇಲೆಯೇ ಬರುತ್ತದೆ. ಕ್ಲಚ್ ಒತ್ತದ ಹೊರತು ಸೆಲ್ಫ್ ಹೊಡೆಯದಂತೆ ಅನೇಕ ಟ್ರ್ಯಾಕ್ಟರುಗಳಿಗೆ ಸ್ವಿಚ್ ಅಳವಡಿಸಿರುತ್ತಾರೆ. ಪಾನಾ ಹಚ್ಚಿದರೆ ಆ ಕಾವಲನ್ನೇ ತೆಗೆದಂತೆ.

ಕೈಪೆಟ್ಟಿಗೆ ಎಂದರೇನು?

ಈಗ ಪೇಟೆಯಲ್ಲಿ ಜಂಪ್ ಸ್ಟಾರ್ಟರ್ ಎಂಬ ಸಣ್ಣ ಪೆಟ್ಟಿಗೆ ಸಿಗುತ್ತದೆ. ಒಳಗೆ ಲಿಥಿಯಂ ಬ್ಯಾಟರಿ, ಹೊರಗೆ ಕೆಂಪು ಮತ್ತು ಕಪ್ಪು ಚಿಮಟಗಳುಳ್ಳ ದಪ್ಪ ವಾಯರು. ಮೋಟಾರ್ ಸೈಕಲ್ಲಿಗೂ ಕಾರಿಗೂ ಇದು ಉಪಯುಕ್ತ. ಮೋಟಾರ್ ಸೈಕಲ್ಲಿಗೆ ಕಿಕ್ ಇದೆಯಲ್ಲ ಎನ್ನಬೇಡಿ. 2020ರ ಏಪ್ರಿಲ್‌ನಿಂದ ಬಿ.ಎಸ್. 6 ನಿಯಮ ಬಂದ ಮೇಲೆ ಬಹುತೇಕ ಬೈಕುಗಳಲ್ಲಿ ಪೆಟ್ರೋಲನ್ನು ವಿದ್ಯುತ್ ಪಂಪೇ ಎಂಜಿನ್ನಿಗೆ ಒತ್ತುತ್ತದೆ. ಬ್ಯಾಟರಿ ಸಂಪೂರ್ಣ ಸತ್ತರೆ ಅಂಥ ಬೈಕು ಕಿಕ್ಕಿಗೂ ಏಳದಿರಬಹುದು. ಕೆಲವಕ್ಕೆ ಕಿಕ್ಕೇ ಇಲ್ಲ. ಕುಂದಗೋಳದಿಂದ ಹುಬ್ಬಳ್ಳಿ ಪೇಟೆಗೆ ಬೈಕಿನಲ್ಲಿ ಹೋಗಿ ರಾತ್ರಿ ಮರಳುವವರು ಇದನ್ನು ಗಮನದಲ್ಲಿ ಇಟ್ಟುಕೊಳ್ಳತಕ್ಕದ್ದು.

ಪೆಟ್ಟಿಗೆಯ ಶಕ್ತಿ ಎಷ್ಟು? 12,000 ಮಿಲಿ ಆಂಪಿಯರ್ ಅವರ್ ಎಂದು ಬರೆದಿದ್ದರೆ ಒಳಗಿನ 3.7 ವೋಲ್ಟಿನ ಲೆಕ್ಕದಲ್ಲಿ ಅದು ಸುಮಾರು 44 ವ್ಯಾಟ್ ಅವರ್. 12 ವೋಲ್ಟ್, 88 ಆಂಪಿಯರ್ ಅವರ್‌ನ ಟ್ರ್ಯಾಕ್ಟರ್ ಬ್ಯಾಟರಿಯಲ್ಲಿ 1056. ಅಂದರೆ ಇಪ್ಪತ್ತನಾಲ್ಕರಲ್ಲಿ ಒಂದು ಪಾಲು. ಇದು ಪಂಪಿಗೆ ಒಂದು ಕೊಡ ನೀರು ಹೊಯ್ದು ಎಬ್ಬಿಸಿದ ಹಾಗೆ. ಫುಟ್ ವಾಲ್ವ್ ಸೋರುತ್ತಿದ್ದರೆ ನಾಳೆ ಮತ್ತೆ ಹೊಯ್ಯಬೇಕು. ಪೆಟ್ಟಿಗೆ ಗಾಡಿಯನ್ನು ಎಬ್ಬಿಸುತ್ತದೆಯೇ ಹೊರತು ಬ್ಯಾಟರಿಯನ್ನು ರಿಪೇರಿ ಮಾಡುವುದಿಲ್ಲ.

ಕೊಳ್ಳುವಾಗ ದೊಡ್ಡ ಅಕ್ಷರದ ‘ಪೀಕ್ ಆಂಪಿಯರ್’ ನೋಡಿ ಮರುಳಾಗಬಾರದು. ಅದು ಕ್ಷಣಮಾತ್ರದ ಅಂಕಿ. ಟ್ರ್ಯಾಕ್ಟರಿನ ಡೀಸೆಲ್ ಎಂಜಿನ್ ತಿರುಗಿಸಲು ಕೆಲವು ಸೆಕೆಂಡುಗಳ ಕಾಲ ನೂರಾರು ಆಂಪಿಯರ್ ಬೇಕು. ಬೈಕು, ಪೆಟ್ರೋಲ್ ಕಾರಿಗೆ ಸಾಕಾಗುವ ಪೆಟ್ಟಿಗೆ ಟ್ರ್ಯಾಕ್ಟರಿಗೆ ಸಾಲದು. ಎಷ್ಟು ಲೀಟರಿನ ಡೀಸೆಲ್ ಎಂಜಿನ್ನಿಗೆ ಆಗುತ್ತದೆ ಎಂಬುದನ್ನು ಪೆಟ್ಟಿಗೆಯ ಪುಸ್ತಿಕೆಯಲ್ಲಿ ಓದಿ, ನಿಮ್ಮ ಟ್ರ್ಯಾಕ್ಟರಿನ ಪುಸ್ತಿಕೆಗೆ ಹೋಲಿಸಿರಿ. ದೊಡ್ಡದನ್ನು ಓಣಿಯ ನಾಲ್ಕು ಮನೆಯವರು ಕೂಡಿ ಕೊಂಡರೂ ನಡೆದೀತು, ಆದರೆ ಚಾರ್ಜು ಮಾಡುವ ಹೊಣೆ ಒಬ್ಬರ ಮೇಲೇ ಇರಲಿ.

ಜೋಡಿಸುವ ಕ್ರಮ

ಗಾಡಿಯನ್ನು ನ್ಯೂಟ್ರಲ್‌ನಲ್ಲಿ ಇಟ್ಟು ಬ್ರೇಕ್ ಹಾಕಿ. ದೀಪ, ಹಾರ್ನು, ಟೇಪು ಎಲ್ಲ ಬಂದ್ ಇರಲಿ. ಪೆಟ್ಟಿಗೆಯೂ ಗಾಡಿಯೂ 12 ವೋಲ್ಟಿನವೇ ಎಂದು ಖಾತ್ರಿ ಮಾಡಿಕೊಳ್ಳಿ. ಕೆಂಪು ಚಿಮಟವನ್ನು ಮೊದಲು ಬ್ಯಾಟರಿಯ ಪ್ಲಸ್ ತಲೆಗೆ ಹಚ್ಚಿರಿ. ಕಪ್ಪನ್ನು ಬ್ಯಾಟರಿಯಿಂದ ದೂರ, ಬಣ್ಣವಿಲ್ಲದ ಎಂಜಿನ್ ಕಬ್ಬಿಣಕ್ಕೆ ಹಚ್ಚುವುದು ಲೇಸು. ಪುಸ್ತಿಕೆಯಲ್ಲಿ ಬೇರೆ ರೀತಿ ಹೇಳಿದ್ದರೆ ಅದರಂತೆ ಮಾಡಿ. ದೂರ ಏಕೆಂದರೆ, ಬ್ಯಾಟರಿಯಿಂದ ಜಲಜನಕ ಅನಿಲ ಹೊರಬರುತ್ತದೆ. ಗಾಳಿಯಲ್ಲಿ ಅದು ನೂರಕ್ಕೆ ನಾಲ್ಕು ಪಾಲು ಸೇರಿದರೂ ಒಂದು ಕಿಡಿಗೆ ಸಿಡಿಯುತ್ತದೆ, ಆ್ಯಸಿಡ್ ಮುಖಕ್ಕೆ ಹಾರುತ್ತದೆ. ಬೀಡಿ ಹಚ್ಚಿಕೊಂಡು ಬ್ಯಾಟರಿಗೆ ಬಗ್ಗಿ ನೋಡುವವರನ್ನು ನಾನು ಕಂಡಿದ್ದೇನೆ. ಬ್ಯಾಟರಿ ಉಬ್ಬಿದ್ದರೆ, ಒಡೆದು ಸೋರುತ್ತಿದ್ದರೆ ಪೆಟ್ಟಿಗೆಯನ್ನು ಹಚ್ಚಲೇಬಾರದು.

ನಂತರ ಸೀಟಿನ ಮೇಲೆ ಕುಳಿತೇ ಚಾವಿ ತಿರುವಿ. ನಾಲ್ಕೈದು ಸೆಕೆಂಡಿಗೆ ಏಳದಿದ್ದರೆ ಬಿಟ್ಟು, ಒಂದು ನಿಮಿಷ ತಡೆದು ಮತ್ತೆ ನೋಡಿ. ಬಿಡದೆ ಸೆಲ್ಫ್ ಹೊಡೆದರೆ ಪೆಟ್ಟಿಗೆಯೂ ಸ್ಟಾರ್ಟರೂ ಕಾಯುತ್ತವೆ. ಎಂಜಿನ್ ಎದ್ದ ಕೂಡಲೇ ಮೊದಲು ಕಪ್ಪು, ಆಮೇಲೆ ಕೆಂಪು ಚಿಮಟ ತೆಗೆಯಿರಿ. ಕೆಲವು ಪೆಟ್ಟಿಗೆಗಳಲ್ಲಿ ‘ಬೂಸ್ಟ್’ ಎಂಬ ಗುಂಡಿ ಇರುತ್ತದೆ. ಅದನ್ನು ಒತ್ತಿದರೆ ಪ್ಲಸ್ ಮೈನಸ್ ಅದಲುಬದಲಾದಾಗ ತಡೆಯುವ ಕಾವಲು ಕೆಲಸ ಮಾಡದೆ ಇರಬಹುದು. ಆದ್ದರಿಂದ ಎರಡು ಸಲ ನೋಡಿ ಒತ್ತಿರಿ.

ಕೈಯಿಂದ ಹ್ಯಾಂಡಲ್ ಹೊಡೆದು ಎಂಜಿನ್ ಎಬ್ಬಿಸುವ ಕಾಲದಲ್ಲಿ ಹ್ಯಾಂಡಲ್ ತಿರುಗಿ ಬಡಿದು ಎಷ್ಟೋ ಜನರ ಕೈ ಮುರಿದಿದೆ. ಚಾರ್ಲ್ಸ್ ಕೆಟರಿಂಗ್ ಅವರ ವಿದ್ಯುತ್ ಸ್ಟಾರ್ಟರ್ 1912ರ ಕ್ಯಾಡಿಲಾಕ್ ಕಾರಿಗೆ ಬಂದ ಮೇಲೆ ಆ ಗಂಡಾಂತರ ತಪ್ಪಿತು, ಬ್ಯಾಟರಿಯ ಹಂಗು ಬಂತು.

ಬ್ಯಾಟರಿ ಏಕೆ ಸತ್ತಿತು?

ಗಾಡಿ ಎದ್ದಿತೆಂದು ಇದನ್ನು ಮರೆಯುವವರೇ ಹೆಚ್ಚು. ಮೊದಲು ತಲೆಗಳನ್ನು ನೋಡಿರಿ. ಬಿಳಿ, ಹಸಿರು ಹಿಟ್ಟು ಕಟ್ಟಿದ್ದರೆ ಅಡಿಗೆ ಸೋಡಾ ಬೆರೆಸಿದ ನೀರಿನಿಂದ ತೊಳೆದು, ಒರೆಸಿ, ಬಿಗಿದು, ವ್ಯಾಸಲೀನ್ ಸವರಿರಿ. ತೊಳೆಯುವಾಗ ಮುಚ್ಚಳ ಬಿಗಿಯಾಗಿರಲಿ, ಸೋಡಾ ಒಳಗೆ ಹೋಗಬಾರದು. ‘ಟಿಕ್’ ಎನ್ನುವ ಎಷ್ಟೋ ಗಾಡಿಗಳು ಇಷ್ಟಕ್ಕೇ ಸರಿಯಾಗುತ್ತವೆ.

ಒಂದು ಮಲ್ಟಿಮೀಟರ್ ಮನೆಯಲ್ಲಿರಲಿ. ಗಾಡಿ ನಾಲ್ಕೈದು ತಾಸು ನಿಂತ ಮೇಲೆ 12.6 ವೋಲ್ಟ್ ತೋರಿದರೆ ಬ್ಯಾಟರಿ ತುಂಬಿದೆ, 12.2 ಇದ್ದರೆ ಅರ್ಧ, 12ಕ್ಕಿಂತ ಕಡಿಮೆಯಿದ್ದರೆ ಬಹುಮಟ್ಟಿಗೆ ಬರಿದು. ಎಂಜಿನ್ ಓಡುವಾಗ 13.8ರಿಂದ 14.4ರವರೆಗೆ ಏರಬೇಕು. ಏರದಿದ್ದರೆ ದೋಷ ಡೈನಮೋದಲ್ಲಿ ಅಥವಾ ಬೆಲ್ಟಿನಲ್ಲಿ. ಹೊಸ ಬ್ಯಾಟರಿ ತಂದರೂ ಹಣ ನೀರಿಗೆ ಹೋಮ. ಬರಿದಾದ ಬ್ಯಾಟರಿ ಅರ್ಧ ತಾಸಿನ ಓಡಾಟಕ್ಕೆ ತುಂಬುವುದಿಲ್ಲ. 88 ಆಂಪಿಯರ್ ಅವರ್‌ನದಾದರೆ ಸುಮಾರು 8-9 ಆಂಪಿಯರಿನಂತೆ ಹತ್ತು ತಾಸಿಗೂ ಮೇಲೆ ಚಾರ್ಜಿಗೆ ಇಡಬೇಕು.

ನೀರಿನ ವಿಷಯದಲ್ಲಿ ನಮ್ಮ ಭಾಗದವರು ವಿಶೇಷ ಎಚ್ಚರ ವಹಿಸಬೇಕು. ನವಲಗುಂದ, ಅಣ್ಣಿಗೇರಿ ಕಡೆ ಅನೇಕ ಬೋರುಗಳ ನೀರು ಸವಳು. ಮುಚ್ಚಳ ತೆರೆಯುವ ಬ್ಯಾಟರಿಗೆ ಆ ನೀರು ಹಾಕಿದರೆ ಉಪ್ಪು ಒಳಗಿನ ತಗಡುಗಳನ್ನು ಕೆಡಿಸುತ್ತದೆ. ಡಿಸ್ಟಿಲ್ಡ್ ವಾಟರನ್ನೇ ಹಾಕಿ.

ಹಿಂಗಾರಿ ಒಕ್ಕಣೆ ಮುಗಿದು ಗಾಡಿ ವಾರಗಟ್ಟಲೆ ನಿಲ್ಲುವಾಗ ಬ್ಯಾಟರಿಯ ಮೈನಸ್ ವಾಯರು ಬಿಚ್ಚಿಡಿ. ಬೇಸಿಗೆಯಲ್ಲಿ ಬ್ಯಾಟರಿ ತಾನಾಗಿ ಬೇಗ ಇಳಿಯುತ್ತದೆ. ಇಳಿದು ಹಾಗೆಯೇ ನಿಂತರೆ ತಗಡುಗಳ ಮೇಲೆ ಸೀಸದ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ, ಮುಂದೆ ಚಾರ್ಜು ಹಿಡಿಯುವುದಿಲ್ಲ. ತಿಂಗಳಿಗೊಮ್ಮೆ ಚಾರ್ಜು ಮಾಡಿಸಿ.

ಕೈಪೆಟ್ಟಿಗೆಯನ್ನು ಟ್ರ್ಯಾಕ್ಟರಿನ ಹತ್ಯಾರ ಡಬ್ಬಿಯಲ್ಲಾಗಲಿ, ಬಿಸಿಲಿಗೆ ನಿಂತ ಕಾರಿನಲ್ಲಾಗಲಿ ಬಿಡಬಾರದು. ಲಿಥಿಯಂ ಬ್ಯಾಟರಿಗೆ ಸೆಕೆ ಆಗಿಬರದು. ಉಬ್ಬಿದ ಪೆಟ್ಟಿಗೆಯನ್ನು ಮತ್ತೆ ಬಳಸಬೇಡಿ. ಮನೆಯ ತಂಪು ಮೂಲೆಯಲ್ಲಿಟ್ಟು ಮೂರು ತಿಂಗಳಿಗೊಮ್ಮೆ ಚಾರ್ಜು ಮಾಡಿ. ರೋಹಿಣಿ ಮಳೆಗೆ ಮೊದಲು ಒಮ್ಮೆ, ಹಸ್ತಿಗೆ ಮೊದಲು ಇನ್ನೊಮ್ಮೆ ತಪ್ಪದೆ ನೋಡಿರಿ.